ಎಣ್ಣೆಗೆಂಪಿಗೆ ಏನು ಕೊರತೆ?

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಪದವಿ ವಿದ್ಯಾರ್ಥಿನಿಯರ ಮುಂದೆ ಮಾಡಿದ ಭಾಷಣದ ಬರಹರೂಪ)



ನಮ್ಮ ನಾಲ್ಕು ತಾಲ್ಲೂಕುಗಳ ಹೆಸರು ಪತ್ರಿಕೆಯಲ್ಲಿ ಒಟ್ಟಿಗೆ ಬರುವುದು ಹೆಚ್ಚಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ನಮ್ಮನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ರಾಜ್ಯದಲ್ಲಿ ಎಷ್ಟನೆಯ ಸ್ಥಾನ ಎಂದು ಹೇಳುವ ದಿನ ಅದು. ಹೆಚ್ಚು ಅಂಕ ಪಡೆದವರ ಫೋಟೊ ಕಲೆಹಾಕುವುದು ವರದಿಗಾರ್ತಿಯಾದ ನನಗೆ ಅಂದಿನ ಮುಖ್ಯ ಕೆಲಸ. ಒಂದು ವರ್ಷ ಪಾವಗಡ ಕಡೆಯ ಹುಡುಗಿಯೊಬ್ಬಳ ಅಣ್ಣನಿಗೆ ಫೋನ್ ಮಾಡಿ ಫೋಟೊ ಕೇಳಿದೆ. 'ಒಂದರ್ಧ ಗಂಟೆ ಟೈಂ ಕೊಡಿ ಮೇಡಂ' ಎಂದರು. ಫೋಟೊ ಬಂತು, ಮರುದಿನ ಅಚ್ಚೂ ಆಯಿತು.

ವಾರ ಕಳೆದು ಸನ್ಮಾನ ಸಮಾರಂಭಕ್ಕೆ ಹೋದಾಗ ಆ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ನನಗೆ ಗುರುತು ಸಿಗಲಿಲ್ಲ. ಅವಳೇ ನಕ್ಕು, 'ಪೇಪರಿಗೆ ಅಂತ ಸ್ಟುಡಿಯೋದಲ್ಲಿ ಸ್ವಲ್ಪ ಬೆಳ್ಳಗೆ ಮಾಡಿಸಿದ್ವಿ ಅಕ್ಕ' ಎಂದಳು. ಅಂಕಗಳನ್ನು ಅವಳು ಹಗಲಿರುಳು ಓದಿ ಗಳಿಸಿದ್ದಳು, ಅದರಲ್ಲಿ ಯಾವ ತಿದ್ದುಪಡಿಯೂ ಬೇಕಿರಲಿಲ್ಲ. ಆದರೆ ಮುಖ ಮಾತ್ರ ಹಾಗೇ ಇದ್ದರೆ ಸಾಲದು ಎಂದು ಮನೆಯವರಿಗೆಲ್ಲ ಅನ್ನಿಸಿತ್ತು. ಇದನ್ನು ಅವರಿಗೆ ಕಲಿಸಿದವರು ಯಾರು? ಇಂದು ನಾನು ಮಾತಾಡಬೇಕೆಂದಿರುವುದು ಈ ಪ್ರಶ್ನೆಯ ಬಗ್ಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. 'ಹುಡುಗಿಯರು ಮೇಕಪ್ ಮಾಡಿಕೊಳ್ಳಬಾರದು' ಎಂದು ಉಪದೇಶ ಮಾಡಲು ನಾನು ಬಂದಿಲ್ಲ. ಅಲಂಕಾರ ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಿಡಿದ ಕಾಡಿಗೆ, ತೆಂಗಿನ ಚಿಪ್ಪಿನಲ್ಲಿ ಗಟ್ಟಿಯಾಗಿ ಕೂತ ಸಾದು, ಮದುವೆಮನೆಯ ಅರಿಶಿನ, ಅಂಗೈಗೆ ಗೋರಂಟಿ, ತಲೆಗೆ ಸೀಗೆಕಾಯಿ ಮತ್ತು ಚಿಗರೆಪುಡಿ, ಮುಂಗೈಗೆ ಹಚ್ಚೆ, ಇವೆಲ್ಲ ನಮ್ಮ ಅಜ್ಜಿಯರ ಕಾಲದವು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಬಳೆ, ಟೇಪು, ಕುಂಕುಮದ ಅಂಗಡಿಗಳ ಮುಂದೆ ಈಗಲೂ ಹೆಂಗಸರು ನಾಲ್ಕು ಜನ ಸೇರಿ ನಿಂತು, ಒಬ್ಬರಿಗೊಬ್ಬರು ಹೊಂದಿಸಿ ನೋಡಿ ಕೊಳ್ಳುತ್ತಾರೆ. ಅಲ್ಲಿ ಸಂತೋಷವಿದೆ. ಇದ್ದ ಮುಖಕ್ಕೆ ಒಂದಿಷ್ಟು ಸೇರಿಸುವುದು ಈ ಅಲಂಕಾರದ ಉದ್ದೇಶ. ಮುಖವನ್ನೇ ಅಳಿಸಿ ಬೇರೆ ಬರೆಯುವುದಲ್ಲ.

ಮೈಬಣ್ಣದ ಬಗ್ಗೆ ನಮ್ಮ ಮಾತು ಎಷ್ಟು ಶ್ರೀಮಂತವಾಗಿತ್ತು ಎಂಬುದನ್ನೂ ನೋಡಿ. ಕಾಣೆಯಾದವರ ಬಗ್ಗೆ ಪೊಲೀಸರು ಕೊಡುವ ಪ್ರಕಟಣೆಗಳನ್ನು ನೀವು ಓದಿರಬಹುದು: ಕೋಲುಮುಖ, ದುಂಡುಮುಖ, ಗೋಧಿ ಮೈಬಣ್ಣ, ಎಣ್ಣೆಗೆಂಪು ಮೈಬಣ್ಣ. ಮನುಷ್ಯರನ್ನು ಹುಡುಕಬೇಕಾದಾಗ ನಿಜವಾದ ಬಣ್ಣಗಳ ಹೆಸರು ಬೇಕಾಗುತ್ತವೆ. ಅದೇ ಪತ್ರಿಕೆಯ ವಧು-ವರರ ಕಾಲಂ ತೆರೆಯಿರಿ. ಅಲ್ಲಿ ಬೇಕಾದ ವಧುವಿಗೆ ಹೆಚ್ಚಾಗಿ ಒಂದೇ ಬಣ್ಣ, ಬಿಳುಪು. ಆ ಕಾಲಂ ಅಚ್ಚಾಗುವುದು ನನಗೆ ಸಂಬಳ ಕೊಡುವ ವೃತ್ತಿಯಲ್ಲೇ ಎಂಬುದನ್ನು ನಾನು ಮರೆತಿಲ್ಲ.

ಬಿಳುಪಿನ ಹಂಬಲವನ್ನು ಜಾಹೀರಾತು ಕಂಪನಿಗಳೇ ಹುಟ್ಟಿಸಿದವು ಎಂದರೆ ಸುಳ್ಳಾಗುತ್ತದೆ. ಹೆಣ್ಣು ನೋಡಲು ಬಂದವರು 'ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ' ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಹೊಗಳಿಕೆಯಂತೆ ಕೇಳುವ ಆ ಮಾತಿನಲ್ಲಿ 'ಆದರೂ' ಎಂಬುದೊಂದು ಮುಳ್ಳು. ಆ ಮುಳ್ಳಿನ ಬೆಲೆಯನ್ನು ಎಷ್ಟೋ ಮನೆಗಳು ವರದಕ್ಷಿಣೆಯ ರೂಪದಲ್ಲಿ ತೆತ್ತಿವೆ. 1961ರಲ್ಲೇ ನಿಷೇಧ ಕಾಯ್ದೆ ಬಂದರೂ ತೆರುವುದು ನಿಂತಿಲ್ಲ. ಕಂಪನಿಗಳು ಮಾಡಿದ್ದೇನೆಂದರೆ, ನಮ್ಮ ನಡುವೆ ಮೊದಲೇ ಇದ್ದ ಈ 'ಆದರೂ'ವನ್ನು ಗುರುತಿಸಿ, ಅದಕ್ಕೆ ನೀರೆರೆದು ಬೆಳೆಸಿ, ಅದರ ಮೇಲೆ ವ್ಯಾಪಾರ ಕಟ್ಟಿದವು.

ಈ ವ್ಯಾಪಾರದ ಕಥೆಗೆ ನೂರು ವರ್ಷ ದಾಟಿದೆ. ಮೈಸೂರು ಸಂಸ್ಥಾನದಲ್ಲಿ 1918ರ ಹೊತ್ತಿಗೆ ಶ್ರೀಗಂಧದ ಸಾಬೂನು ಬಂತು. ಅದು ಪರಿಮಳ ಮಾರಿತು. 1919ರಲ್ಲಿ ಮುಂಬಯಿಯ ಪಾಟನವಾಲಾ ಅವರ 'ಅಫ್ಘಾನ್ ಸ್ನೋ' ಬಂತು. ಹೆಸರಿನಲ್ಲೇ ಹಿಮ! ಲಕ್ಸ್ ಸಾಬೂನು 1941ರಲ್ಲಿ ಮೊದಲ ಬಾರಿಗೆ ಭಾರತದ ಚಿತ್ರತಾರೆಯೊಬ್ಬರನ್ನು ಜಾಹೀರಾತಿಗೆ ತಂದಿತು. ಅವರು ಲೀಲಾ ಚಿಟ್ನಿಸ್, ನಮ್ಮ ಧಾರವಾಡದಲ್ಲಿ ಹುಟ್ಟಿದವರು. 1952ರಲ್ಲಿ ಟಾಟಾದವರು ಲ್ಯಾಕ್ಮೆ ಆರಂಭಿಸಿದರು. ನಮ್ಮ ಲಕ್ಷ್ಮಿಯೇ ಫ್ರೆಂಚರ ಬಾಯಲ್ಲಿ 'ಲ್ಯಾಕ್ಮೆ' ಆಗಿ ಹಿಂದಿರುಗಿದ್ದಳು. ಇಷ್ಟಾದರೂ ಇವೆಲ್ಲ ಬಹುಮಟ್ಟಿಗೆ ಪೇಟೆಯ, ಅನುಕೂಲಸ್ಥರ ಸಾಮಗ್ರಿಗಳಾಗಿದ್ದವು.

1975ರಲ್ಲಿ ಹಿಂದುಸ್ತಾನ್ ಲಿವರ್ ಕಂಪನಿ 'ಫೇರ್ ಅಂಡ್ ಲವ್ಲಿ' ತಂದಾಗ ಮಾತು ನೇರವಾಯಿತು. 1976ರಲ್ಲಿ ದೂರದರ್ಶನದಲ್ಲಿ ಜಾಹೀರಾತು ಶುರುವಾಯಿತು, 1982ರಲ್ಲಿ ಬಣ್ಣ ಬಂತು. ಬಿಳುಪಿನ ಕ್ರೀಮಿನ ಜಾಹೀರಾತುಗಳಲ್ಲಿ ಮುಂದೆ ಎಷ್ಟೋ ವರ್ಷ ಹೆಚ್ಚುಕಡಿಮೆ ಒಂದೇ ಕಥೆ. ಕಪ್ಪಗಿನ ಹುಡುಗಿ ತಲೆತಗ್ಗಿಸಿ ಕೂತಿರುತ್ತಾಳೆ. ಕೆಲಸ ಸಿಕ್ಕಿಲ್ಲ ಅಥವಾ ಗಂಡು ಒಪ್ಪಿಲ್ಲ. ಯಾರೋ ಟ್ಯೂಬ್ ಕೊಡುತ್ತಾರೆ. ಕೆಲವೇ ವಾರಗಳಲ್ಲಿ ಬಣ್ಣ ಬದಲಾಗಿ, ಕೆಲಸವೂ ಗಂಡೂ ಒಟ್ಟಿಗೆ ಬರುತ್ತವೆ. ಗಮನಿಸಿ, ಈ ಕಥೆ ಮೊದಲು ಮಾರುವುದು ಕ್ರೀಮನ್ನಲ್ಲ, ಕೊರತೆಯನ್ನು. 'ನಿನ್ನಲ್ಲೇನೋ ಕಡಿಮೆ ಇದೆ' ಎಂಬುದನ್ನು ನಾವು ಒಪ್ಪಿಕೊಂಡ ಮೇಲೆ ಕ್ರೀಮು ತಾನಾಗಿ ಮಾರಾಟವಾಗುತ್ತದೆ.

1991ರ ಆರ್ಥಿಕ ಉದಾರೀಕರಣದ ನಂತರ ಎಲ್ಲವೂ ವೇಗ ಪಡೆಯಿತು. 1994ರಲ್ಲಿ ಸುಶ್ಮಿತಾ ಸೇನ್ ಭುವನಸುಂದರಿಯಾದರು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾದರು. ಅದೇ ವರ್ಷ ಉದಯ ಟಿವಿ ಕನ್ನಡ ಮನೆಗಳಿಗೆ ಬಂತು. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆಯೇ ನಡೆಯಿತು. ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರೂ ಅನೇಕ ಮಹಿಳಾ ಸಂಘಟನೆಗಳೂ ವಿರೋಧಿಸಿದರು, ದೊಡ್ಡ ಪ್ರತಿಭಟನೆಗಳಾದವು. ಈಜುಡುಗೆ ಸುತ್ತನ್ನು ಸೆಶೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು. ಉಡುಗೆಯ ಬಗ್ಗೆ ಅಷ್ಟು ಗದ್ದಲವಾಯಿತು. ಆದರೆ ಅದೇ ಹೊತ್ತಿನಲ್ಲಿ ಮಾರುಕಟ್ಟೆ ಸದ್ದಿಲ್ಲದೆ, ಸಣ್ಣ ಪ್ಯಾಕೆಟ್ಟಿನ ರೂಪದಲ್ಲಿ ನಮ್ಮ ಹಳ್ಳಿಗಳಿಗೆ ಬರುತ್ತಿತ್ತು. ತಮಿಳುನಾಡಿನ ಚಿಕ್ ಶಾಂಪೂ ತೋರಿಸಿಕೊಟ್ಟ ದಾರಿಯಲ್ಲಿ ಒಂದು ಸಲಕ್ಕಾಗುವಷ್ಟು ಶಾಂಪೂ, ಬೊಟ್ಟಿನಷ್ಟು ಕ್ರೀಮು ಪೆಟ್ಟಿಗೆ ಅಂಗಡಿಯ ದಾರಕ್ಕೆ ತೂಗಿದವು. ಬಾಟಲಿ ಕೊಳ್ಳಲಾಗದ ಕೂಲಿಯವರ ಮಗಳಿಗೂ ಕೊರತೆಯನ್ನು ಕೊಳ್ಳುವ ಅವಕಾಶ ಸಿಕ್ಕಿತು.

ಬದಲಾವಣೆ ಆಗಿಲ್ಲವೆಂದಲ್ಲ. ಕಪ್ಪು ಬಣ್ಣದವರನ್ನು ದುಃಖಿಗಳಂತೆ, ಯಾರಿಗೂ ಬೇಡದವರಂತೆ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ನಿಯಮ ಮಾಡಿತು. ಚೆನ್ನೈನ ಮಹಿಳಾ ಸಂಸ್ಥೆಯೊಂದು 2009ರಲ್ಲಿ ಆರಂಭಿಸಿದ 'ಕಪ್ಪು ಸುಂದರ' ಎಂಬ ಅರ್ಥದ ಆಂದೋಲನಕ್ಕೆ ನಟಿ ನಂದಿತಾ ದಾಸ್ ದನಿಗೂಡಿಸಿದರು. 2020ರಲ್ಲಿ ಅಮೆರಿಕದ ವರ್ಣಭೇದ ವಿರೋಧಿ ಚಳವಳಿಯ ಬಿಸಿ ಇಲ್ಲಿಗೂ ತಟ್ಟಿ, 'ಫೇರ್ ಅಂಡ್ ಲವ್ಲಿ' ಹೆಸರು 'ಗ್ಲೋ ಅಂಡ್ ಲವ್ಲಿ' ಆಯಿತು. ಮದುವೆ ಸಂಬಂಧ ಹುಡುಕುವ ದೊಡ್ಡ ಜಾಲತಾಣವೊಂದು ಮೈಬಣ್ಣದಿಂದ ಆರಿಸುವ ಸೌಲಭ್ಯವನ್ನು ತೆಗೆದುಹಾಕಿತು. ಆದರೆ ಹಲಗೆಯ ಮೇಲಿನ ಹೆಸರು ಬದಲಾದ ಮಾತ್ರಕ್ಕೆ ಅಂಗಡಿಯ ಸರಕು ಬದಲಾಗುವುದಿಲ್ಲ. 'ಬಿಳುಪು' ಎನ್ನುತ್ತಿದ್ದ ಜಾಗದಲ್ಲಿ 'ಹೊಳಪು', 'ಕಾಂತಿ' ಬಂದಿವೆ. 2025ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ತಮನ್ನಾ ಭಾಟಿಯಾ ಅವರನ್ನು 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ಆರಿಸಿದಾಗ, ಕನ್ನಡದ ನಟಿ ಏಕಿಲ್ಲ ಎಂದು ರಾಜ್ಯದಲ್ಲಿ ಚರ್ಚೆಯಾಯಿತು. ನ್ಯಾಯವಾದ ಪ್ರಶ್ನೆಯೇ. ಅದರ ಜೊತೆಗೆ, ಸಾಬೂನಿನ ಮೇಲೆ ಎಣ್ಣೆಗೆಂಪು ಮುಖ ಎಂದಾದರೂ ಬರುವುದೇ ಎಂದೂ ನಾವು ಕೇಳಬಹುದು.

ಈಗ ನಮ್ಮ ಊರಿನ ಬಿಸಿಲಿಗೆ ಬನ್ನಿ. ಪಾವಗಡದ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ತಯಾರಾಗುವಷ್ಟು ಬಿಸಿಲು ನಮ್ಮದು. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಇಂಥ ಬಿಸಿಲಿಗೆ ಮೈ ತಾನೇ ಹಿಡಿದುಕೊಂಡ ಕೊಡೆ. ಅದನ್ನು ತಯಾರಿಸುವ ಜೀವಕೋಶಗಳು ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿರುತ್ತವೆ. ವ್ಯತ್ಯಾಸವಿರುವುದು ಅವು ತಯಾರಿಸುವ ಬಣ್ಣದ ಪ್ರಮಾಣ ಮತ್ತು ಬಗೆಯಲ್ಲಿ. ಈ ಕೊಡೆಯನ್ನು ರೋಗವೆಂದು ಕರೆದು ಔಷಧಿ ಮಾರಿದರೆ ನಾವು ಕೊಳ್ಳಬೇಕೆ?

ಇನ್ನೊಂದು ವಿಷಯ ನಮ್ಮ ಕಡೆಯವರಿಗೇ ಗೊತ್ತಿರುವುದು. ಪಾವಗಡ, ಶಿರಾ, ಮಧುಗಿರಿಯ ಎಷ್ಟೋ ಹಳ್ಳಿಗಳಲ್ಲಿ ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಅದನ್ನು ನಾಚಿಕೆ ಎಂದುಕೊಂಡವರಿದ್ದಾರೆ. ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲಿನ ಮೇಲೆ ಕಂದು ಕಲೆ ಮಾಡಿರುವುದೇ ಅನೇಕರಿಗೆ ಅದರ ಕಾರಣ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ನೀರು ಕುಡಿಯಲು ತಕ್ಕದ್ದಲ್ಲ. ಎಳೆತನದಲ್ಲಿ ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಈ ಕಲೆ ಸೇರಿಕೊಳ್ಳುತ್ತದೆ. ಮೇಲೆ ಉಜ್ಜುವ ಯಾವ ಪೇಸ್ಟಿನಿಂದಲೂ ಅದು ಹೋಗದು. ಟಿವಿಯಲ್ಲಿ ಮಲ್ಲಿಗೆಯಂಥ ಹಲ್ಲು ತೋರಿಸುವ ಜಾಹೀರಾತು ಆ ಹುಡುಗಿಗೆ, 'ತಪ್ಪು ನಿನ್ನದು, ನಮ್ಮ ಪೇಸ್ಟು ತೆಗೆದುಕೋ' ಎನ್ನುತ್ತದೆ. ತಪ್ಪು ಊರಿನ ನೀರಿನದು. ಅವಳು ಕೇಳಬೇಕಾದದ್ದು ಶುದ್ಧ ನೀರು, ಕೇಳಬೇಕಾದ ಜಾಗ ಗ್ರಾಮಸಭೆ. ಊರಿನ ಕೊರತೆಯನ್ನು ಒಬ್ಬ ಹುಡುಗಿಯ ಮುಖದ ಕೊರತೆಯಾಗಿಸುವುದು ಜಾಹೀರಾತಿನ ಜಾಣತನ.

ಮನಸ್ಸಿಗೆ ನೋವಾಗುವುದು ಒಂದು ಕಡೆ, ಮೈಗೆ ಕೆಡುಕಾಗುವುದು ಇನ್ನೊಂದು ಕಡೆ. ಬೇಗ ಬೆಳ್ಳಗಾಗಲೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಕೆಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಬೆಟಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್, ಈ ಹೆಸರುಗಳನ್ನು ನೆನಪಿಡಿ. ಇವು ಚರ್ಮರೋಗಕ್ಕೆ ವೈದ್ಯರು ಲೆಕ್ಕ ಹಾಕಿ ಕೊಡುವ ಔಷಧಿಗಳು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿತು. ದಿನವೂ ಮುಖಕ್ಕೆ ಹಚ್ಚಿದರೆ ಮೊದಲು ಬಣ್ಣ ತಿಳಿಯಾದಂತೆ ಕಾಣುತ್ತದೆ. ಬರಬರುತ್ತ ಚರ್ಮ ತೆಳ್ಳಗಾಗಿ ಕೆಂಪೇರುತ್ತದೆ, ಮೊಡವೆ ಏಳುತ್ತದೆ, ಬೇಡದ ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ ಹೆಚ್ಚಾಗುವುದರಿಂದ ಬಿಡುವುದೂ ಕಷ್ಟ. ಹಚ್ಚುತ್ತಿರುವವರು ಹೆದರಿ ಮುಚ್ಚಿಡಬೇಡಿ, ಚರ್ಮವೈದ್ಯರ ಬಳಿ ಹೋಗಿ. ಅಕ್ರಮವಾಗಿ ಬರುವ ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಅದು ಮೂತ್ರಪಿಂಡಕ್ಕೆ ವಿಷ. 2020ರ ಸೌಂದರ್ಯವರ್ಧಕಗಳ ನಿಯಮಗಳು ಪಾದರಸ ಬೆರೆಸುವುದನ್ನು ನಿಷೇಧಿಸಿವೆ. ತಯಾರಕರ ವಿಳಾಸ, ಬ್ಯಾಚ್ ನಂಬರ್ ಇಲ್ಲದ ಡಬ್ಬಿಯನ್ನು ಮುಟ್ಟದಿರುವುದು ಮೇಲು.

ಈಗ ಜಾಹೀರಾತು ಟಿವಿಯಲ್ಲಷ್ಟೇ ಇಲ್ಲ, ಕೈಯಲ್ಲೇ ಇದೆ. ನಾವು ಕೇಳದಿದ್ದರೂ ಎಷ್ಟೋ ಮೊಬೈಲ್ ಕ್ಯಾಮೆರಾಗಳು ಮುಖವನ್ನು ನುಣುಪು ಮಾಡಿ ಬಣ್ಣ ತಿಳಿಗೊಳಿಸುತ್ತವೆ. ಮೊದಲು ನಮ್ಮನ್ನು ಚಿತ್ರತಾರೆಯೊಂದಿಗೆ ಹೋಲಿಸಿಕೊಳ್ಳುತ್ತಿದ್ದೆವು. ಈಗ ನಮ್ಮದೇ ಫೋಟೊದೊಂದಿಗೆ ಹೋಲಿಸಿಕೊಂಡು ಸೋಲುತ್ತಿದ್ದೇವೆ.

ಹಾಗೆಂದು ತುಟಿಗೆ ಬಣ್ಣ ಹಚ್ಚಿದವಳನ್ನು ಹಂಗಿಸುವ ಹಿರಿಯರ ಜೊತೆ ನಾನು ನಿಲ್ಲಲಾರೆ. ಬೀದಿಯಲ್ಲಿ ಅವಳನ್ನು ಹಂಗಿಸುವವರೇ ಮನೆಯಲ್ಲಿ ಸೊಸೆ ಹುಡುಕುವಾಗ 'ಬಣ್ಣ ಹೇಗಿದೆ' ಎಂದು ಕೇಳುತ್ತಾರೆ. ನಮ್ಮ ತಾಲ್ಲೂಕು ಕೇಂದ್ರಗಳ ಬ್ಯೂಟಿ ಪಾರ್ಲರುಗಳು ಎಷ್ಟೋ ಹೆಣ್ಣುಮಕ್ಕಳಿಗೆ ಸ್ವಂತ ದುಡಿಮೆ ಕೊಟ್ಟಿವೆ. ಅದು ಗೌರವದ ಕಸುಬು. ಹಾಗಾಗಿ ಹಚ್ಚಬೇಕೋ ಬೇಡವೋ ಎಂಬ ವಾದ ಬಿಟ್ಟುಬಿಡೋಣ. ಡಬ್ಬಿ ಕೈಗೆತ್ತಿಕೊಂಡಾಗ ಒಂದನ್ನಷ್ಟೇ ಕೇಳಿಕೊಳ್ಳಿ: ಇದನ್ನು ಹಚ್ಚದೆ ನಾನು ಕಾಲೇಜಿಗೆ ಹೋಗಬಲ್ಲೆನೆ? ಹೋಗಬಲ್ಲೆ ಎಂದರೆ ಅದು ಅಲಂಕಾರ. ಹೋಗಲಾರೆ ಎಂದರೆ, ಯಾರೋ ನಿಮಗೊಂದು ಕೊರತೆಯನ್ನು ಮಾರಿದ್ದಾರೆ ಎಂದೇ ಅರ್ಥ.

ಆ ಪಾವಗಡದ ಹುಡುಗಿಯ ವಿಷಯದಲ್ಲಿ ನನ್ನ ತಪ್ಪೂ ಇದೆ. ಫೋಟೊ ನೋಡಿದ ಕೂಡಲೇ ತಿದ್ದಿದ್ದು ಎಂದು ಅನುಮಾನ ಬಂದಿತ್ತು. ಪುಟ ಮುಗಿಸುವ ಅವಸರದಲ್ಲಿ ಸುಮ್ಮನಾದೆ. ಈಗ ಫೋಟೊ ಕೇಳುವಾಗ 'ಮೊಬೈಲಿನಲ್ಲಿ ತೆಗೆದದ್ದೇ ಸಾಕು, ತಿದ್ದಿಸಬೇಡಿ' ಎಂದು ಸೇರಿಸಿ ಹೇಳುತ್ತೇನೆ. ನಿಮ್ಮ ಮನೆಯ ತಂಗಿಯರು ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದರೆ ಅವರಿಗೂ ಹೇಳಿ. ಫೋಟೊ ಇದ್ದ ಹಾಗೇ ಕಳಿಸಲಿ. ಹಳ್ಳಿಯವರು ಪೇಪರು ಬಿಡಿಸಿದಾಗ 'ಇವಳು ನಮ್ಮ ಹುಡುಗಿ' ಎಂದು ಗುರುತು ಹಿಡಿಯುವಂತಿರಲಿ.