ದಾರಿ ತಪ್ಪಿದವರು ಯಾರು?



ಶಿರಹಟ್ಟಿಯ ಸಮೀಪದಲ್ಲಿ ಮಾಗಡಿ ಎಂಬ ಗ್ರಾಮವುಂಟು. ಅಲ್ಲಿಯ ಕೆರೆಗೆ ಪ್ರತಿ ಚಳಿಗಾಲವೂ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುವುವು. ಸುತ್ತಣ ಹೊಲಗಳಲ್ಲಿ ಮೇಯುವುವು. ಊರವರಾದರೋ ಅವುಗಳನ್ನು ಅತಿಥಿಗಳೆಂದೇ ಎಣಿಸುವರು. ಬಲೆಯೊಡ್ಡಿ ಬೇಟೆಯಾಡುವುದನ್ನೇ ಕುಲಕಸುಬಾಗಿ ಉಳ್ಳ ಹರಣಶಿಕಾರಿಗಳೆಂಬ ಜನರೂ ಈ ಸೀಮೆಯಲ್ಲಿ ಬಹುಕಾಲದಿಂದ ಇದ್ದಾರೆ. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. ತಂದೆಯ ಕಸುಬು ಮಗನ ಪಾಲಿಗೆ ಅಪರಾಧವಾಯಿತು. ಬಲೆ ಅದೇ, ಕೈ ಅದೇ; ಬದಲಾದದ್ದು ನಿಯಮ. ಹಕ್ಕಿಗಳ ದೃಷ್ಟಿಯಿಂದ ಆ ನಿಯಮವು ಒಳ್ಳೆಯದೇ ಸರಿ, ಅದನ್ನು ನಾವು ಹಳಿಯುತ್ತಿಲ್ಲ. ಆದರೆ ಮನುಷ್ಯನು ಅಪರಾಧಿಯಾಗುವುದು ತನ್ನ ರಕ್ತದಿಂದಲೋ ನೆರೆಹೊರೆಯಿಂದಲೋ ಅಥವಾ ಪರರು ಇಟ್ಟ ಹೆಸರಿನಿಂದಲೋ ಎಂಬ ಪ್ರಶ್ನೆ ಮಾತ್ರ ಇಲ್ಲಿಂದಲೇ ಏಳುತ್ತದೆ.

ರಕ್ತದಿಂದಲೇ ಎಂದವರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೋ ಪ್ರಸಿದ್ಧನು. 1876ರಲ್ಲಿ ಪ್ರಕಟವಾದ ಆತನ ಗ್ರಂಥವು ತಲೆಬುರುಡೆಯ ಆಕಾರದಲ್ಲಿಯೂ ದವಡೆಯ ಅಳತೆಯಲ್ಲಿಯೂ ಕಳ್ಳತನವನ್ನು ಹುಡುಕಿತು. ವಿದ್ವಾಂಸರು ಆ ವಾದವನ್ನು ಎಂದೋ ಕೈಬಿಟ್ಟರು. ವಿಚಿತ್ರವೆಂದರೆ, ಆ ಗ್ರಂಥಕ್ಕಿಂತ ಐದು ವರ್ಷ ಮೊದಲೇ, 1871ರಲ್ಲಿ, ಇಂಡಿಯಾ ಸರಕಾರವು ಅದೇ ಭಾವನೆಯನ್ನು ಶಾಸನವಾಗಿ ಬರೆದಿತ್ತು. ‘ಅಪರಾಧಿ ಬುಡಕಟ್ಟು’ಗಳ ಕಾಯಿದೆ ಎಂದು ಅದರ ಹೆಸರು, 1911ರಲ್ಲಿ ಅದು ಮುಂಬಯಿ ಇಲಾಖೆಯನ್ನೂ ಒಳಗೊಂಡಿತು. ಒಂದು ಜನಾಂಗವನ್ನು ಅಪರಾಧಿಯೆಂದು ಸರಕಾರ ಸಾರಿದರೆ ಸಾಕು. ಹಾಗೆ ಸಾರಿದ್ದು ಸರಿಯೇ ಎಂದು ಕೇಳುವ ಅಧಿಕಾರ ನ್ಯಾಯಾಲಯಕ್ಕೂ ಇರಲಿಲ್ಲ. ದಾಖಲಾದವರು ಹಾಜರಿ ಕೊಡಬೇಕು, ಪರವಾನಗಿಯಿಲ್ಲದೆ ಊರು ಬಿಡಕೂಡದು. ಅಂಥವರನ್ನು ನೆಲೆಗೊಳಿಸಿದ ವಸತಿಗಳು ವಿಜಾಪುರ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿದ್ದಂತೆ ಗದಗ-ಬೆಟಗೇರಿಯಲ್ಲಿಯೂ ಇದ್ದಿತು. ಅದನ್ನು ಜನರು ಸೆಟ್ಲಮೆಂಟು ಎಂದರು.

ಹಾಗಾದರೆ ಈ ಜನರಲ್ಲಿ ಕಳವು ಇರಲೇ ಇಲ್ಲವೆ? ಇದ್ದಿತು. ಏಕೆ ಇದ್ದಿತೆಂಬುದಕ್ಕೆ ಅಮೆರಿಕದ ಮರ್ಟನ್ 1938ರಲ್ಲಿ ಬರೆದ ಪ್ರಬಂಧವೊಂದು ಸಹಾಯಮಾಡುತ್ತದೆ. ಸಮಾಜವು ಎಲ್ಲರಿಗೂ ಒಂದೇ ಗುರಿಯನ್ನು ತೋರಿಸಿ, ಅಲ್ಲಿಗೆ ಹೋಗುವ ನ್ಯಾಯವಾದ ದಾರಿಯನ್ನು ಕೆಲವರಿಗೆ ಮುಚ್ಚಿಬಿಟ್ಟರೆ, ಆ ಕೆಲವರಲ್ಲಿ ಹಲವರು ಅಡ್ಡದಾರಿ ಹುಡುಕುವರೆಂಬುದು ಆತನ ವಾದ. ಇಲ್ಲಿ ದಾರಿ ಮುಚ್ಚಿದ ಬಗೆಯನ್ನು ನಾವು ಬಲ್ಲೆವು. ಕೊರವರೂ ಲಂಬಾಣಿಗರೂ ಎತ್ತು ಕತ್ತೆಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿ ದೇಶದಿಂದ ದೇಶಕ್ಕೆ ಸಾಗಿಸುತ್ತಿದ್ದವರು. 1884ರಲ್ಲಿ ಹೋಟಗಿಯಿಂದ ಗದಗಿಗೆ ರೈಲು ಬಂದಿತು. ಗದಗು ಹತ್ತಿಯ ಪೇಟೆಯಾಗಿ ಬೆಳೆಯಿತು, ವರ್ತಕರು ಮಹಡಿಮನೆ ಕಟ್ಟಿದರು, ಹೇರೆತ್ತಿನವನನ್ನು ಕೇಳುವವರಿಲ್ಲವಾದರು. ಹೊಟ್ಟೆ ಮಾತ್ರ ರೈಲನ್ನು ನೋಡಿ ಸುಮ್ಮನಾಗಲಿಲ್ಲ.

ಸದರ್‌ಲೆಂಡ್ ಎಂಬ ಇನ್ನೊಬ್ಬ ಅಮೆರಿಕದ ಪಂಡಿತನು ಅಪರಾಧವೂ ಕಲಿತುಬರುವ ವಿದ್ಯೆ, ಆಪ್ತರ ಒಡನಾಟದಲ್ಲಿ ಅದು ಕೈಗೂಡುವುದು, ಎಂದನು. ನಮ್ಮ ಅಜ್ಜಿಯರು ಇದನ್ನೇ ಸಹವಾಸದೋಷವೆನ್ನುತ್ತಿದ್ದರು. ಅವರಿಗೆ ಪದವಿಯೊಂದು ಸಿಗಲಿಲ್ಲ, ಅಷ್ಟೆ. ಈ ಮಾತು ನಿಜವಾದರೆ, ಶಂಕಿತರನ್ನೆಲ್ಲ ಒಂದೇ ಬೇಲಿಯೊಳಗೆ ಕೂಡಿಹಾಕಿದ ಸರಕಾರವು ಯಾವ ಪಾಠಶಾಲೆಯನ್ನು ತೆರೆಯಿತೆಂಬುದನ್ನು ತಾವೇ ಯೋಚಿಸಬಹುದು.

ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಮೂರನೆಯ ವಾದ. ಟ್ಯಾನೆನ್‌ಬಾಮ್ 1938ರಲ್ಲಿ ಅದನ್ನು ಸೂಚಿಸಿದನು, ಬೆಕರ್ 1963ರಲ್ಲಿ ವಿಸ್ತರಿಸಿದನು. ಒಬ್ಬನಿಗೆ ಕಳ್ಳನೆಂದು ಹೆಸರಿಟ್ಟು ಎಲ್ಲರೂ ಹಾಗೆಯೇ ನಡೆಸಿಕೊಂಡರೆ ಕೆಲಸ ಸಿಗದು, ಗೆಳೆತನ ಸಿಗದು; ಕೊನೆಗೆ ಆ ಹೆಸರೊಂದೇ ಅವನಿಗೆ ಆಸ್ತಿ. ಮೊದಲನೆಯ ಕಳವು ಏಕಾಯಿತೆಂಬುದನ್ನು ಈ ವಾದ ಹೇಳಲಾರದು, ಮನೆ ಕನ್ನವಾದವನಿಗೆ ಇದರಿಂದ ಸಮಾಧಾನವೂ ಇಲ್ಲ. ಎರಡನೆಯದು, ಹತ್ತನೆಯದು ಏಕಾಯಿತೆಂಬುದನ್ನು ಮಾತ್ರ ಚೆನ್ನಾಗಿ ಹೇಳುತ್ತದೆ.

ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಆ ಕಾಯಿದೆಯನ್ನು ರದ್ದುಮಾಡಿತು. ಹೆಸರನ್ನು ರದ್ದುಮಾಡುವುದು ಅಷ್ಟು ಸುಲಭವಲ್ಲ. ನಾವು ಪಾಠ ಹೇಳುತ್ತಿದ್ದ ಕಾಲೇಜೊಂದರಲ್ಲಿ, ಹಿಂದೆ, ವಿದ್ಯಾರ್ಥಿಯೊಬ್ಬನ ಕೈಗಡಿಯಾರ ಕಾಣದಾಯಿತು. ಆ ದಿನ ಕಲಿಸುತ್ತಿದ್ದದ್ದೂ ಇದೇ ಬೆಕರನ ವಾದವನ್ನು. ತರಗತಿಯ ಕಣ್ಣುಗಳೆಲ್ಲ ಕೊನೆಯ ಬೆಂಚಿನ ಒಬ್ಬ ಹುಡುಗನ ಕಡೆಗೆ ತಿರುಗಿದುವು. ಅವನು ಸೆಟ್ಲಮೆಂಟಿನಿಂದ ಬರುತ್ತಿದ್ದವನು. ಮುಚ್ಚಿಡುವುದೇಕೆ, ನಮ್ಮ ಕಣ್ಣೂ ತಿರುಗಿದ್ದಿತು. ಅವನು ಯಾರೂ ಕೇಳದೆಯೇ ಎದ್ದು, ತನ್ನ ಚೀಲವನ್ನು ಮೇಜಿನ ಮೇಲೆ ಬರಿದುಮಾಡಿದನು: ಎರಡು ಪುಸ್ತಕ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಗಡಿಯಾರವು ಸಂಜೆ ಅದರ ಒಡೆಯನ ಕೋಟಿನ ಒಳಜೇಬಿನಲ್ಲಿಯೇ ಸಿಕ್ಕಿತು.

ಮರುದಿನ ನಾವು ಅವನನ್ನು ಕರೆದು ಕ್ಷಮೆ ಕೇಳಿದೆವು. ‘ಇರಲಿ ಬಿಡ್ರಿ ಸರ್’ ಎಂದನು. ಪರೀಕ್ಷೆಯ ಅರ್ಜಿಗೆ ರುಜು ಹಾಕಿಸಿಕೊಳ್ಳಲು ಬಂದಾಗ ನೋಡಿದೆವು. ವಿಳಾಸದಲ್ಲಿ ಮನೆಯ ನಂಬರೂ ಬೆಟಗೇರಿಯೆಂಬುದೂ ಇದ್ದುವು, ನಡುವಣ ಪದವನ್ನು ಅವನು ಬರೆದಿರಲಿಲ್ಲ.