ಕುಟುಂಬ ಯೋಜನೆ: ಸಂದೇಶ ಯಾರನ್ನು ತಲುಪಬೇಕು?



ಕುಟುಂಬ ಯೋಜನೆಯ ಪ್ರಚಾರವೆಂದರೆ ಕೆಂಪು ತ್ರಿಕೋನ, ಗೋಡೆಬರಹ, ‘ನಾವಿಬ್ಬರು ನಮಗಿಬ್ಬರು’ ಎಂಬ ಘೋಷಣೆ ಎಂಬುದು ಬಹುಕಾಲದ ತಿಳುವಳಿಕೆ. ಕಡಿಮೆ ಮಕ್ಕಳು ಸಾಕೆಂಬ ಮಾತು ಜನರನ್ನು ತಲುಪಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು. ಆದರೆ ಹೊಣೆ ಯಾರದೆಂಬ ಮಾತು ತಲುಪಿಲ್ಲ. ಅದೇ ಸಮೀಕ್ಷೆಯಂತೆ ದೇಶದ ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 37.9ರಷ್ಟು ಮಂದಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ. ಪುರುಷರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ ದಂಪತಿಗಳು ಶೇಕಡಾ 0.3 ಮಾತ್ರ.

ಈ ನಾಡಿಗೆ ವಿಷಯ ಹೊಸದಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ಸಂತತಿ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. 1952ರಲ್ಲಿ ಭಾರತವು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 1976-77ರಲ್ಲಿ ಗುರಿಯ ಒತ್ತಡದಿಂದ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಹೆಚ್ಚಿನವು ಪುರುಷರವು. ಬಲವಂತದಿಂದ ಹುಟ್ಟಿದ ಭಯವು ಪುರುಷರನ್ನು ಈ ವಿಷಯದಿಂದಲೇ ದೂರ ಸರಿಸಿತು. 1996ರಲ್ಲಿ ಸರ್ಕಾರ ಗುರಿ ನಿಗದಿಯ ಪದ್ಧತಿಯನ್ನು ಕೈಬಿಟ್ಟಿತು. ಭಯ ಮಾತ್ರ ಉಳಿಯಿತು.

ಮಣ್ಣನ್ನು ಪರೀಕ್ಷಿಸದೆ ಗೊಬ್ಬರವನ್ನು ಸೂಚಿಸುವುದು ಹೇಗೆ ಸಲ್ಲದೋ, ಊರನ್ನು ಅರಿಯದೆ ಪ್ರಚಾರವನ್ನು ಯೋಜಿಸುವುದೂ ಹಾಗೆಯೇ ಸಲ್ಲದು. ತೇರದಾಳವನ್ನೇ ನೋಡೋಣ. ಸುತ್ತ ಕಬ್ಬಿನ ಹೊಲಗಳು. ನೆರೆಯ ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳ ಸದ್ದು. ಆಶಾ ಕಾರ್ಯಕರ್ತೆ ಹಗಲಿನಲ್ಲಿ ಮನೆಗೆ ಬಂದಾಗ ಸೊಸೆ ಸಿಗುತ್ತಾಳೆ. ಗಂಡ ಮಗ್ಗದ ಮುಂದೆಯೋ ಹೊಲದಲ್ಲಿಯೋ ಇರುತ್ತಾನೆ. ಕೇಳಿಸಿಕೊಂಡವಳಿಗೆ ತೀರ್ಮಾನಿಸುವ ಅಧಿಕಾರ ಅನೇಕ ಮನೆಗಳಲ್ಲಿ ಇಲ್ಲ, ತೀರ್ಮಾನಿಸುವವರು ಕೇಳಿಸಿಕೊಂಡಿರುವುದಿಲ್ಲ.

ಆದ್ದರಿಂದ ಯೋಜನೆಯು ಮೂವರನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಗಂಡಸರೊಡನೆ ಸಂಜೆ, ಕೆಲಸ ಬಿಟ್ಟ ಮೇಲೆ, ಗಂಡಸರೇ ಮಾತನಾಡಬೇಕು. ಅತ್ತೆಯರೊಡನೆ ಸ್ವಸಹಾಯ ಸಂಘದ ಸಭೆಯಲ್ಲಿ ಮಾತು ನಡೆಯಬೇಕು. ನವದಂಪತಿಗಳಿಗೆ ಮೊದಲ ಗರ್ಭಕ್ಕೆ ಮುನ್ನವೇ ತಿಳಿವಳಿಕೆ ದೊರೆಯಬೇಕು. ಹೆರಿಗೆಯ ನಂತರ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹೇಳುವ ಮಾತು ಇರುವ ಭಯಕ್ಕೆ ಉತ್ತರವಾಗಿರಬೇಕು. ‘ಶಸ್ತ್ರಚಿಕಿತ್ಸೆಯಾದರೆ ದುಡಿಯುವ ಶಕ್ತಿ ಕುಂದುತ್ತದೆ’ ಎಂಬುದು ದೈಹಿಕ ಶ್ರಮದಿಂದ ಬದುಕುವವನಿಗೆ ಸಣ್ಣ ಭಯವಲ್ಲ. ಪುರುಷರ ಶಸ್ತ್ರಚಿಕಿತ್ಸೆ ಸ್ತ್ರೀಯರದಕ್ಕಿಂತ ಸರಳ. ಅದರಿಂದ ದುಡಿಮೆಯ ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ. ಕೆಲವು ದಿನ ಭಾರ ಎತ್ತದಿದ್ದರೆ ಸಾಕು. ಆದರೆ ಫಲ ಕೂಡಲೇ ದೊರೆಯದು. ಮೂರು ತಿಂಗಳು ಬೇರೆ ವಿಧಾನ ಬಳಸಿ, ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದನ್ನು ಮುಚ್ಚಿಟ್ಟರೆ ಒಂದು ಅನಪೇಕ್ಷಿತ ಗರ್ಭವು ಊರಿನ ನಂಬಿಕೆಯನ್ನೇ ಕೆಡಿಸೀತು. ಹೆಂಡತಿಯ ಮೇಲೆ ಅನ್ಯಾಯದ ಸಂಶಯವನ್ನೂ ತಂದೀತು.

ಎಷ್ಟು ಭಿತ್ತಿಪತ್ರ ಅಂಟಿಸಲಾಯಿತು, ಎಷ್ಟು ಶಸ್ತ್ರಚಿಕಿತ್ಸೆ ನಡೆಯಿತು ಎಂಬುದು ಯಶಸ್ಸಿನ ಅಳತೆಯಲ್ಲ. ಎಷ್ಟು ದಂಪತಿಗಳು ಎಲ್ಲ ವಿಧಾನಗಳನ್ನೂ ತಿಳಿದು, ಒತ್ತಾಯವಿಲ್ಲದೆ, ಕೂಡಿ ಆರಿಸಿಕೊಂಡರು ಎಂಬುದೇ ಅಳತೆ.

ಮಲೆನಾಡಿನ ಒಂಟಿಮನೆಗಳಲ್ಲಿ, ತೋಟದ ಲೈನುಗಳಲ್ಲಿ ದುಡಿಮೆಯ ಹೊತ್ತು ಬೇರೆ, ದಾರಿ ಬೇರೆ. ಆದರೆ ಕೇಳಬೇಕಾದ ಪ್ರಶ್ನೆಗಳು ಇವೇ: ತೀರ್ಮಾನಿಸುವವರು ಯಾರು, ಅವರು ಸಿಗುವುದು ಎಲ್ಲಿ, ಅವರ ಭಯವೇನು? ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಈ ಮೂರಕ್ಕೆ ಉತ್ತರ ಹುಡುಕಿದರೆ ಅರ್ಧ ಯೋಜನೆ ಸಿದ್ಧವಾದಂತೆ.