ಸ್ಟುಡಿಯೋದ ಕೀಲಿಕೈ ಯಾರ ಬಳಿ ಇದೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ವಿಶ್ವವಿದ್ಯಾನಿಲಯಗಳಲ್ಲಿ ಡಿಜಿಟಲ್ ಮಾಧ್ಯಮ ನಿರ್ಮಾಣದ ಸೌಲಭ್ಯಗಳ ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ಇದು ಪತ್ರಿಕೋದ್ಯಮ ಓದುವವರಿಗೆ ಮಾತ್ರ ಸಂಬಂಧಿಸಿದ ವಿಷಯ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಇಂದು ಬಿ.ಎಡ್. ವಿದ್ಯಾರ್ಥಿ ಪಾಠದ ವಿಡಿಯೋ ತಯಾರಿಸಬೇಕಾಗುತ್ತದೆ. ಸಮಾಜಕಾರ್ಯದ ವಿದ್ಯಾರ್ಥಿನಿ ಹಳ್ಳಿಯ ಹೆಂಗಸರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕಾಗುತ್ತದೆ. ವಿಜ್ಞಾನದವರು ತಮ್ಮ ಪ್ರಯೋಗವನ್ನು ಚಿತ್ರೀಕರಿಸಿ ತೋರಿಸಬೇಕಾಗುತ್ತದೆ. ಗ್ರಂಥಾಲಯ ಹೇಗೆ ಎಲ್ಲ ವಿಭಾಗಗಳಿಗೂ ಸೇರಿದ್ದೋ, ಸ್ಟುಡಿಯೋ ಕೂಡ ಹಾಗೆಯೇ ಎಲ್ಲರಿಗೂ ಸೇರಬೇಕಾದದ್ದು.

ವಿದ್ಯಾಸಂಸ್ಥೆಗೂ ಮಾಧ್ಯಮಕ್ಕೂ ಇರುವ ನಂಟು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾದ 'ಆಕಾಶವಾಣಿ' ಎಂಬ ಪದ ಬಳಕೆಗೆ ಬಂದದ್ದು ಅಲ್ಲಿಂದ. ಒಬ್ಬ ಅಧ್ಯಾಪಕ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ವಿಚಾರಕ್ಕೆ ಬರೋಣ. 1920ರಲ್ಲಿ ಅಲಿಘಡದಲ್ಲಿ ಹುಟ್ಟಿ, 1925ರಲ್ಲಿ ದೆಹಲಿಗೆ ಬಂದ ಈ ಸಂಸ್ಥೆಯಲ್ಲಿ ಅಂದಿನ ಕುಲಪತಿ ಅನ್ವರ್ ಜಮಾಲ್ ಕಿದ್ವಾಯಿಯವರು 1982ರಲ್ಲಿ ಸಮೂಹ ಸಂವಹನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಕೆನಡಾದ ಯಾರ್ಕ್ ವಿಶ್ವವಿದ್ಯಾನಿಲಯ ಇದಕ್ಕೆ ಕೈಜೋಡಿಸಿತು. ಆ ದೇಶದ ಸಾಕ್ಷ್ಯಚಿತ್ರ ನಿರ್ಮಾಪಕ ಜೇಮ್ಸ್ ಬೆವರಿಜ್ ಅವರು ಇಲ್ಲಿಗೇ ಬಂದು ಕಲಿಸಿದರು. ಇಲ್ಲಿ ಕಲಿತ ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ಅವರ 'ರೈಟಿಂಗ್ ವಿತ್ ಫೈರ್' 2022ರಲ್ಲಿ, ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' 2023ರಲ್ಲಿ ಆಸ್ಕರ್ ಪ್ರಶಸ್ತಿಯ ಅಂತಿಮ ಸ್ಪರ್ಧೆಗೆ ನಾಮನಿರ್ದೇಶನಗೊಂಡವು. ಮೊದಲನೆಯದು ಉತ್ತರ ಪ್ರದೇಶದ ದಲಿತ ಪತ್ರಕರ್ತೆಯರು ಮೊಬೈಲ್ ಫೋನನ್ನೇ ಕ್ಯಾಮೆರಾ ಮಾಡಿಕೊಂಡು ಸುದ್ದಿ ತಂದ ಕಥೆ. ಎರಡನೆಯದು ಗಾಯಗೊಂಡ ಹದ್ದುಗಳನ್ನು ಆರೈಕೆ ಮಾಡುವ ದೆಹಲಿಯ ಇಬ್ಬರು ಮುಸ್ಲಿಂ ಸಹೋದರರ ಕಥೆ. ಇವೆರಡಕ್ಕೂ ವಸ್ತುವಾದದ್ದು ಯಾರೂ ತಿರುಗಿ ನೋಡದ ಜನರ ಬದುಕು ಎಂಬುದನ್ನು ನೀವು ಗಮನಿಸಬೇಕು.

ಸರಕಾರದ ಕಡೆಯಿಂದಲೂ ಪ್ರಯತ್ನಗಳು ನಡೆದಿವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1984ರಲ್ಲಿ ದೂರದರ್ಶನದ ಮೂಲಕ ಉನ್ನತ ಶಿಕ್ಷಣದ ಪಾಠಗಳ ಪ್ರಸಾರವನ್ನು ಆರಂಭಿಸಿತು. ಅದಕ್ಕೆಂದೇ ಹಲವು ವಿಶ್ವವಿದ್ಯಾನಿಲಯಗಳಲ್ಲಿ ನಿರ್ಮಾಣ ಕೇಂದ್ರಗಳು ತಲೆಯೆತ್ತಿದವು. ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಇಂತಹ ಕೇಂದ್ರವಿದೆ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯದಲ್ಲಿ ದೇಶದ ಮೊದಲ ಕ್ಯಾಂಪಸ್ ಸಮುದಾಯ ಬಾನುಲಿ ಆರಂಭವಾಯಿತು. 2017ರಲ್ಲಿ 'ಸ್ವಯಂ' ಯೋಜನೆ ಬಂದ ಮೇಲೆ ಪದವಿ ತರಗತಿಗಳ ಎಷ್ಟೋ ವಿಡಿಯೋ ಪಾಠಗಳು ಈ ನಿರ್ಮಾಣ ಕೇಂದ್ರಗಳಲ್ಲೇ ತಯಾರಾದವು.

ಹಾಗಾದರೆ ಕೊರತೆ ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಕೊರತೆ ಇರುವುದು ಯಂತ್ರಗಳಲ್ಲಿ ಅಲ್ಲ, ಆ ಯಂತ್ರಗಳನ್ನು ವಿದ್ಯಾರ್ಥಿಯ ಕೈಗೆ ತಲುಪಿಸುವ ವ್ಯವಸ್ಥೆಯಲ್ಲಿ. ದಾನಿಗಳು ಉದಾರವಾಗಿ ಕ್ಯಾಮೆರಾ ಕೊಡಿಸುತ್ತಾರೆ. ಉದ್ಘಾಟನೆಯ ದಿನ ಅದರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಮರುದಿನ ಅದು ಬೀರುವಿನೊಳಗೆ ಸೇರುತ್ತದೆ. ಹಾಳಾದರೆ ಯಾರು ಉತ್ತರ ಹೇಳುವುದು ಎಂಬ ಭಯದಿಂದ ಕೀಲಿಕೈ ಹಿಡಿದವರು ಅದನ್ನು ಹೊರಗೆ ತೆಗೆಯುವುದೇ ಇಲ್ಲ. ಆದರೆ ಬಳಸದೆ ಮುಚ್ಚಿಟ್ಟ ಕ್ಯಾಮೆರಾವೂ ಹಾಳಾಗುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಚಾರ್ಜ್ ಮಾಡದೆ ಬಹುಕಾಲ ಇಟ್ಟ ಬ್ಯಾಟರಿ ಸತ್ತೇ ಹೋಗುತ್ತದೆ. ಭದ್ರವಾಗಿಟ್ಟೆವು ಎಂದುಕೊಂಡದ್ದೇ ಅದರ ನಾಶಕ್ಕೆ ಕಾರಣವಾಗುತ್ತದೆ.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನೀವು ಯಾವುದೇ ಸಂಸ್ಥೆಗೆ ಇಂತಹ ನೆರವು ಕೊಡುವಾಗ ಮೂರು ಪ್ರಶ್ನೆಗಳನ್ನು ಕೇಳಿ. ಉಪಕರಣಗಳನ್ನು ನೋಡಿಕೊಳ್ಳಲು, ವಿದ್ಯಾರ್ಥಿಗಳಿಗೆ ಹೇಳಿಕೊಡಲು ಒಬ್ಬ ತಂತ್ರಜ್ಞ ಇದ್ದಾನೆಯೇ? ದುರಸ್ತಿಗೆಂದು ಪ್ರತಿವರ್ಷ ಹಣ ತೆಗೆದಿಡಲಾಗುತ್ತದೆಯೇ? ಗ್ರಂಥಾಲಯದ ಪುಸ್ತಕದಂತೆ ಉಪಕರಣವನ್ನು ಸಹಿ ಹಾಕಿ ಒಯ್ಯಲು ಎಲ್ಲ ವಿಭಾಗದವರಿಗೂ ಅವಕಾಶವಿದೆಯೇ? ಈ ಮೂರಕ್ಕೂ ಉತ್ತರ 'ಇಲ್ಲ' ಎಂದಾದರೆ ಎರಡು ಕ್ಯಾಮೆರಾಗಳ ಬದಲು ಒಂದನ್ನು ಕೊಟ್ಟು, ಉಳಿದ ಹಣವನ್ನು ತಂತ್ರಜ್ಞನ ಸಂಬಳಕ್ಕೆ ಮೀಸಲಿಡಿ. ಸಂಬಳದ ಮೇಲೆ ದಾನಿಯ ಹೆಸರು ಕೆತ್ತಿಸಲಾಗದು, ನಿಜ. ಆದರೆ ಮಕ್ಕಳು ಕಲಿಯುವುದು ಅದರಿಂದಲೇ.

ಸಮಯದ ಪ್ರಶ್ನೆಯೂ ಅಷ್ಟೇ ಮುಖ್ಯವಾದದ್ದು. ತರಗತಿಗಳು ಮುಗಿದ ನಂತರ ಸಂಜೆ ಐದಕ್ಕೆ ಸ್ಟುಡಿಯೋ ತೆರೆದರೆ, ಹಳ್ಳಿಯ ಬಸ್ಸು ಹಿಡಿಯಬೇಕಾದ ಹುಡುಗಿ ಏನು ಮಾಡಬೇಕು? ಬಾಗಿಲಲ್ಲಿ ಯಾರೂ ಅವಳನ್ನು ತಡೆಯುವುದಿಲ್ಲ, ವೇಳಾಪಟ್ಟಿಯೇ ತಡೆಯುತ್ತದೆ. ಹಗಲಿನ ವೇಳೆ ಒಂದೆರಡು ಗಂಟೆ ತೆರೆದಿಡುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಇನ್ನು ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ದೊಡ್ಡ ಕ್ಯಾಮೆರಾ ಸಿಗಲಿಲ್ಲವೆಂದು ಕೈಕಟ್ಟಿ ಕೂರಬೇಡಿ. ಮೊದಲು ಧ್ವನಿಯನ್ನು ಕಲಿಯಿರಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮುದ್ರಿಸುವಾಗ ಫ್ಯಾನ್ ನಿಲ್ಲಿಸಿ, ಮೈಕನ್ನು ಮಾತನಾಡುವವರ ಹತ್ತಿರಕ್ಕೆ ಒಯ್ಯಿರಿ. ಬರಿಗೋಡೆಯ ಕೋಣೆಯಲ್ಲಿ ಮಾತು ಪ್ರತಿಧ್ವನಿಸುತ್ತದೆ, ದಪ್ಪ ಪರದೆಯೋ ಹಾಸಿಗೆಯೋ ಇದ್ದರೆ ಪ್ರತಿಧ್ವನಿ ತಗ್ಗುತ್ತದೆ.

ಎರಡನೆಯದಾಗಿ, ಮಾಡಿದ ಕೆಲಸವನ್ನು ಕಾಪಾಡಿಕೊಳ್ಳುವುದನ್ನು ಕಲಿಯಿರಿ. ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಒಂದು ಗಂಟೆಯ ವಿಡಿಯೋಗೆ ಸುಮಾರು 22 ಜಿ.ಬಿ. ಜಾಗ ಬೇಕು. ಸಾಲದೆ ಹೋದಾಗ ಹಳೆಯದನ್ನು ಅಳಿಸುವುದು ಸಾಮಾನ್ಯ ಅಭ್ಯಾಸ. ಹೀಗೆ ಅಳಿಸಿ ಹೋಗುವುದು ಯಾರದೋ ಅಜ್ಜಿಯ ಮಾತಾಗಿರಬಹುದು, ಇನ್ನೊಮ್ಮೆ ಹೇಳಿಸಲು ಆಕೆ ಇರದೆ ಹೋಗಬಹುದು. ಮುಖ್ಯವಾದ ಪ್ರತಿಯೊಂದಕ್ಕೂ ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದಾದರೂ ಬೇರೆ ಜಾಗದಲ್ಲಿರಲಿ. ಈ ಜಾಗವನ್ನು ಒದಗಿಸುವುದೂ ಸಂಸ್ಥೆಯ ಕರ್ತವ್ಯ.

ಮೂರನೆಯದಾಗಿ, ನಿಮ್ಮ ಭಾಷೆಯ ಬಗ್ಗೆ ಸಂಕೋಚ ಬೇಡ. ಮನೆಯಲ್ಲಿ ಬ್ಯಾರಿ, ಉರ್ದು, ನವಾಯತಿ ಅಥವಾ ತುಳು ಮಾತನಾಡುವವರು ನೀವು. ಮನೆಯ ಮಾತಿನಲ್ಲೇ ಮುದ್ರಿಸಿ, ಕೆಳಗೆ ಕನ್ನಡದಲ್ಲಿ ಬರಹ ಕೊಡಿ. ಆ ಬರಹ ಕಿವಿ ಕೇಳಿಸದ ನಿಮ್ಮ ಸಹಪಾಠಿಗೂ ದಾರಿ ಮಾಡಿಕೊಡುತ್ತದೆ.

ಕೊನೆಯದಾಗಿ, ಕೇಳುವುದನ್ನು ಕಲಿಯಿರಿ. ನಿಮ್ಮ ಕಾಲೇಜಿನಲ್ಲಿ ಯಾವ ಉಪಕರಣಗಳಿವೆ, ಅವು ಎಲ್ಲಿವೆ, ಪಡೆಯಲು ಯಾರಿಗೆ ಅರ್ಜಿ ಕೊಡಬೇಕು ಎಂದು ನಾಳೆಯೇ ವಿಚಾರಿಸಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ, ಏನು ಮಾಡಲಿದ್ದೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಯೋಜನೆ ಕೈಯಲ್ಲಿ ಹಿಡಿದು ಬಂದ ವಿದ್ಯಾರ್ಥಿಗೆ ಬೀರುವಿನ ಬಾಗಿಲು ತೆರೆಯದಿರುವುದು ಕಷ್ಟ. ತೆಗೆದುಕೊಂಡದ್ದನ್ನು ಹೇಳಿದ ದಿನಕ್ಕೆ, ಒರೆಸಿ, ಚಾರ್ಜ್ ಮಾಡಿ ಹಿಂದಿರುಗಿಸಿ. ನೀವು ಹಾಗೆ ನಡೆದುಕೊಂಡರೆ ನಿಮ್ಮ ನಂತರ ಬರುವವರಿಗೂ ಆ ಬಾಗಿಲು ತೆರೆದೇ ಇರುತ್ತದೆ.